ಚುಕ್ಕಿ ಕಾವಿಗೆ ಕೂತಾಗ

ಮೂರು ದಿನದಿಂದ ಚುಕ್ಕಿ ಗೂಡು ಬಿಟ್ಟು ಹೊರಗೆ ಬಂದಿರಲಿಲ್ಲ. ಬೆಳಿಗ್ಗೆ ಬಾಗಿಲು ತೆಗೆದರೆ ಎಲ್ಲರಿಗಿಂತ ಮುಂಚೆ ಓಡಿ ಬಂದು ಕಾಲಿಗೆ ಅಡ್ಡ ಸಿಗುವ ಕೋಳಿ ಅವಳು. ಈಗ ಕಾಳು ಚೆಲ್ಲಿದ ಸದ್ದು ಕೇಳಿಸಿದರೂ ಕದಲದೆ, ಮೊಟ್ಟೆ ಇಡುವ ಪೆಟ್ಟಿಗೆಯ ಮೂಲೆಯಲ್ಲಿ ಚಪ್ಪಟೆಯಾಗಿ ಕೂತಿದ್ದಳು. ಮೊಟ್ಟೆ ತೆಗೆಯೋಣ ಅಂತ ಕೈ ಹಾಕಿದೆ. ಮೈಯ ಪುಕ್ಕವನ್ನೆಲ್ಲ ನಿಗುರಿಸಿ, ಗಂಟಲಲ್ಲೇ ಗುರ್ರೆಂದು, ಕುಕ್ಕಿಯೇ ಬಿಟ್ಟಳು. ಎತ್ತಿ ನೋಡಿದರೆ ಕೆಳಗೆ ಒಂದೂ ಮೊಟ್ಟೆ ಇಲ್ಲ. ಬರೀ ಹುಲ್ಲಿಗೆ ಕಾವು ಕೊಡುತ್ತಿದ್ದಳು! ಎದೆಯ ಪುಕ್ಕ ಅಲ್ಲಲ್ಲಿ ಉದುರಿ ಚರ್ಮ ಕಾಣುತ್ತಿತ್ತು. ಬೆರಳಿಟ್ಟರೆ ಸುಡುವಷ್ಟು ಬೆಚ್ಚಗಿತ್ತು.

"ಕಾವಿಗೆ ಬಂದಿದೆ ಕಣಮ್ಮ, ಮೊಟ್ಟೆ ಇಟ್ಟುಬಿಡು" ಎಂದರು ಅತ್ತೆ.

ನನಗೆ ಧೈರ್ಯ ಸಾಲಲಿಲ್ಲ. ಹೋದ ಸಲ ಆಗಿದ್ದು ಮನಸ್ಸಿನಲ್ಲಿ ಇನ್ನೂ ಹಾಗೇ ಇತ್ತು.

ಹೋದ ಸಲ ಕಾವಿಗೆ ಬಂದಿದ್ದು ಕೆಂಪಿ. ಖುಷಿಯಲ್ಲಿ ಅವತ್ತೇ ಎಂಟು ಮೊಟ್ಟೆ ಅವಳ ಕೆಳಗೆ ತಳ್ಳಿದ್ದೆ. ಎಲ್ಲ ಕೋಳಿಗಳೂ ಮೊಟ್ಟೆ ಇಡುವ ಪೆಟ್ಟಿಗೆಯಲ್ಲೇ ಬಿಟ್ಟೆ. ಗುರುತು ಹಾಕಲಿಲ್ಲ. ಬೇರೆ ಕೋಳಿಗಳು ಬಂದು ಅವಳ ಪಕ್ಕದಲ್ಲೇ, ಕೆಲವೊಮ್ಮೆ ಅವಳ ಮೇಲೇ ಹತ್ತಿ ಕೂತು ಮೊಟ್ಟೆ ಇಟ್ಟು ಹೋದವು. ಕಾವು ಕೂತ ಕೋಳಿಗೆ ನನ್ನದು ನಿನ್ನದು ಅಂತ ಇರಲ್ಲ. ಹತ್ತಿರ ಸಿಕ್ಕ ಮೊಟ್ಟೆಯನ್ನೆಲ್ಲ ಕೊಕ್ಕಿನಿಂದ ಎಳೆದು ಹೊಟ್ಟೆಯ ಕೆಳಗೆ ಸೇರಿಸಿಕೊಳ್ಳುತ್ತದೆ. ಹತ್ತು ದಿನ ಕಳೆಯುವಷ್ಟರಲ್ಲಿ 15 ಮೊಟ್ಟೆ ಆಗಿತ್ತು. ಅವಳ ಮೈ ಅಷ್ಟಕ್ಕೆ ಸಾಲದು. ಅಂಚಿನಲ್ಲಿದ್ದವು ತಣ್ಣಗಾಗುತ್ತಿದ್ದವು. ಅವಳೋ ದಿನಕ್ಕೆ ಎಷ್ಟೋ ಸಲ ಮೊಟ್ಟೆ ತಿರುಗಿಸಿ ನಡುವಿನದನ್ನು ಅಂಚಿಗೆ, ಅಂಚಿನದನ್ನು ನಡುವಿಗೆ ಮಾಡುತ್ತಾಳೆ. ಹಾಗಾಗಿ ಸರದಿಯ ಮೇಲೆ ಎಲ್ಲವೂ ತಣ್ಣಗಾದವು.

21ನೇ ದಿನ ಎರಡು ಮರಿ ಆಚೆ ಬಂದವು. 23ನೇ ದಿನ ಬೆಳಿಗ್ಗೆ ಕೆಂಪಿ ಆ ಎರಡನ್ನೇ ಕರೆದುಕೊಂಡು ಹೊರಟುಹೋದಳು. ಅವಳ ತಪ್ಪು ಏನೂ ಇರಲಿಲ್ಲ. ಮೊಟ್ಟೆಯಿಂದ ಬರುವ ಮುಂಚೆ ಮರಿ ಉಳಿದ ಹಳದಿಯನ್ನು ತನ್ನ ಹೊಟ್ಟೆಯೊಳಗೆ ಎಳೆದುಕೊಂಡಿರುತ್ತದೆ. ಅದರ ಬಲದಲ್ಲಿ ಎರಡು ದಿನ, ಹೆಚ್ಚೆಂದರೆ ಮೂರು ದಿನ, ಕಾಳು ನೀರು ಇಲ್ಲದೆ ತಡೆಯುತ್ತದೆ. ತಡವಾದ ಮೊಟ್ಟೆಗಳಿಗಾಗಿ ತಾಯಿ ಕಾಯುವುದು ಅಷ್ಟೇ ದಿನ. ಆಮೇಲೆ ಹುಟ್ಟಿದವುಗಳ ಹೊಟ್ಟೆ ನೋಡಬೇಕಲ್ವಾ.

ಬಿಟ್ಟುಹೋದ ಮೊಟ್ಟೆಗಳನ್ನು ಸಂಜೆ ಒಂದೊಂದಾಗಿ ಒಡೆದು ನೋಡಿದೆ. ಒಂದರೊಳಗೆ ಪೂರ್ತಿ ಬೆಳೆದ ಮರಿ ಇತ್ತು. ಮೈತುಂಬ ಒದ್ದೆ ತುಪ್ಪಳ, ಪುಟ್ಟ ಉಗುರು, ಕೊಕ್ಕಿನ ತುದಿಯಲ್ಲಿ ಸಾಸಿವೆಯಷ್ಟು ಬಿಳಿ ಮೊನೆ. ಇನ್ನೊಂದೆರಡು ದಿನ ಕಾವು ಸಿಕ್ಕಿದ್ದರೆ ಸಾಕಿತ್ತು. ಅದನ್ನು ಅಂಗೈಯಲ್ಲಿ ಇಟ್ಟುಕೊಂಡು ಹಿತ್ತಲಲ್ಲಿ ಎಷ್ಟು ಹೊತ್ತು ಕೂತಿದ್ದೆನೋ. ಅವಸರ ಮಾಡಿದ್ದು ನಾನು, ಸತ್ತಿದ್ದು ಅದು.

ಅದಕ್ಕೇ ಚುಕ್ಕಿಗೆ ಮೊದಲ ಮೂರು ರಾತ್ರಿ ನಿಜವಾದ ಮೊಟ್ಟೆ ಕೊಡಲಿಲ್ಲ. ಮರದ ಎರಡು ಹುಸಿ ಮೊಟ್ಟೆ ಇಟ್ಟೆ. ಕೆಲವು ಕೋಳಿಗಳು ಒಂದು ದಿನ ಕೂತು ಮರುದಿನ ಮರೆತುಬಿಡುತ್ತವೆ. ಹಗಲು ಕೂತು, ಸಂಜೆ ಉಳಿದವುಗಳ ಜೊತೆ ಮಲಗುವ ಅಡ್ಡಕೋಲಿನ ಮೇಲೆ ಹತ್ತಿದರೆ ಅದು ಕಾವಲ್ಲ. ರಾತ್ರಿಯೂ ಪೆಟ್ಟಿಗೆ ಬಿಡದಿದ್ದರೆ ನಂಬಬಹುದು. ಚುಕ್ಕಿ ಮೂರು ರಾತ್ರಿಯೂ ಕದಲಲಿಲ್ಲ.

(ಮರಿ ಬೇಡ ಅನ್ನುವವರು ಕಾವನ್ನು ಹಾಗೇ ಮುಂದುವರಿಯಲು ಬಿಡಬೇಡಿ. ಮೊಟ್ಟೆ ಇಲ್ಲದೆ ವಾರಗಟ್ಟಲೆ ಕೂತು ಕೋಳಿ ಬಡಕಲಾಗುತ್ತದೆ. ತಳಕ್ಕೆ ಜಾಲರಿ ಇರುವ ಪಂಜರವನ್ನು ನೆಲದಿಂದ ಮೇಲೆ ಎತ್ತಿಟ್ಟು, ಹುಲ್ಲು ಹಾಕದೆ, ನೀರು ಮೇವು ಕೊಟ್ಟು ಮೂರ್ನಾಲ್ಕು ದಿನ ಅದರಲ್ಲಿ ಬಿಟ್ಟರೆ ಹೊಟ್ಟೆಗೆ ಗಾಳಿ ಆಡಿ ಕಾವು ಇಳಿಯುತ್ತದೆ. ತಣ್ಣೀರಲ್ಲಿ ಮುಳುಗಿಸುವವರೂ ಇದ್ದಾರೆ. ನನಗೆ ಅದು ಇಷ್ಟವಾಗಲ್ಲ.)

ಅಷ್ಟರಲ್ಲಿ ಮೊಟ್ಟೆ ಕೂಡಿಸುತ್ತಾ ಇದ್ದೆ. ಆರು ದಿನದಲ್ಲಿ 22 ಮೊಟ್ಟೆ ಸೇರಿದವು. ಒಂದು ವಾರದೊಳಗಿನ ಮೊಟ್ಟೆಯಾದರೆ ಮರಿ ಚೆನ್ನಾಗಿ ಬರುತ್ತವೆ. ಹತ್ತು ದಿನ ದಾಟಿತು ಅಂದರೆ ಇಳಿಯುತ್ತಾ ಹೋಗುತ್ತವೆ. ಫ್ರಿಜ್ಜಿನಲ್ಲಿ ಇಡಲಿಲ್ಲ, ಮನೆಯ ತಂಪು ಮೂಲೆಯಲ್ಲಿ ಚೂಪು ತುದಿ ಕೆಳಗೆ ಮಾಡಿ ಇಟ್ಟೆ. ಅಲ್ಪಸ್ವಲ್ಪ ಕೊಳೆ ಇದ್ದರೂ ತೊಳೆಯಲಿಲ್ಲ. ಚಿಪ್ಪಿನ ಮೇಲೆ ಕಣ್ಣಿಗೆ ಕಾಣದ ಒಂದು ಪದರ ಇರುತ್ತದೆ, ರೋಗಾಣು ಒಳಗೆ ಹೋಗದಂತೆ ತಡೆಯುವುದೇ ಅದು. ತೊಳೆದರೆ ಹೋಗಿಬಿಡುತ್ತದೆ.

ಹತ್ತು ಮೊಟ್ಟೆ ಚುಕ್ಕಿಗೆ, ಉಳಿದ ಹನ್ನೆರಡು, ಮೊಟ್ಟೆಗೆ ಕಾವು ಕೊಡುವ ಒಂದು ಚಿಕ್ಕ ಇನ್‌ಕ್ಯುಬೇಟರ್‌ಗೆ. ಕೆಂಪಿಯ ಘಟನೆಯಾದ ಮೇಲೆ ತಂದಿಟ್ಟ ಮಷಿನ್ ಅದು. ಕೋಳಿ ಎದ್ದು ಹೋದರೆ ಮಷಿನ್ ಇರಲಿ ಅಂತ ನನ್ನ ಲೆಕ್ಕ. ಕೊನೆಗೆ ಆಗಿದ್ದು ಅದಕ್ಕೆ ತಿರುಗುಮುರುಗು.

ಚುಕ್ಕಿಯನ್ನು ಬೇರೆ ಕಡೆ ಸಾಗಿಸಿದ್ದು ರಾತ್ರಿ, ಎಲ್ಲವೂ ಮಲಗಿದ ಮೇಲೆ. ಹಗಲು ಸಾಗಿಸಿದರೆ ಹಳೇ ಜಾಗಕ್ಕೇ ಓಡಿ ಹೋಗಿ ಖಾಲಿ ಹುಲ್ಲಿನ ಮೇಲೆ ಕೂರುತ್ತವೆ. ನೆಲದ ಮೇಲೆ ಅಗಲವಾದ ಪೆಟ್ಟಿಗೆ, ತಳಕ್ಕೆ ಸ್ವಲ್ಪ ಮಣ್ಣು, ಮೇಲೆ ಬಟ್ಟಲಿನಂತೆ ಒತ್ತಿದ ಹುಲ್ಲು. ಸುತ್ತ ಬೇರೆ ಕೋಳಿ ಬರದಂತೆ ಜಾಲರಿ. ಕತ್ತಲಲ್ಲೇ ಒಂದೊಂದು ಮೊಟ್ಟೆಯನ್ನು ಅಂಗೈಯಲ್ಲಿ ಮುಚ್ಚಿಕೊಂಡು ಅವಳ ಎದೆಯ ಕೆಳಗೆ ಜಾರಿಸಿದೆ. ಕುಕ್ಕಲಿಲ್ಲ. ಕತ್ತು ಬಗ್ಗಿಸಿ, ಕೊಕ್ಕಿನ ಕೆಳಭಾಗದಿಂದ ಮೊಟ್ಟೆಯನ್ನು ತನ್ನ ಕಡೆ ಎಳೆದುಕೊಂಡು, ಎಡಕ್ಕೊಮ್ಮೆ ಬಲಕ್ಕೊಮ್ಮೆ ಅಲ್ಲಾಡಿ ಕೂತಳು. ಹತ್ತಕ್ಕೂ ಪೆನ್ಸಿಲ್ಲಿನಲ್ಲಿ ಸುತ್ತ ಗೆರೆ ಹಾಕಿದ್ದೆ. ಗೆರೆ ಇಲ್ಲದ ಮೊಟ್ಟೆ ಕಂಡರೆ ಹೊರಗಿನದು ಅಂತ ಗೊತ್ತಾಗಲಿ ಅಂತ.

ಮಷಿನ್‌ಗೆ ನಾನೇ ಕೋಳಿಯಾದೆ. ಒಂದು ಕಡೆ ಗುಣಾಕಾರದ ಗುರುತು, ಇನ್ನೊಂದು ಕಡೆ ಸೊನ್ನೆ ಬರೆದು ದಿನಕ್ಕೆ ಐದು ಸಲ ತಿರುಗಿಸಿದೆ. ಮೂರು, ಐದು ಹೀಗೆ ಬೆಸ ಸಲವೇ ಆಗಬೇಕು. ಆಗ ರಾತ್ರಿಯ ಉದ್ದನೆಯ ಹೊತ್ತಿನಲ್ಲಿ ದಿನ ಬಿಟ್ಟು ದಿನ ಬೇರೆ ಬದಿ ಮೇಲೆ ಇರುತ್ತದೆ. ತಿರುಗಿಸದಿದ್ದರೆ ಒಳಗಿನ ಜೀವ ಚಿಪ್ಪಿನ ಪೊರೆಗೆ ಅಂಟಿಕೊಂಡು ಸಾಯುತ್ತದೆ. ಫ್ಯಾನ್ ಇರುವ ಮಷಿನ್ ಆದ್ದರಿಂದ ಬಿಸಿ 37.5 ಡಿಗ್ರಿ, ತೇವ ಮೊದಲ 18 ದಿನ ನೂರಕ್ಕೆ 45ರಿಂದ 50.

ಚುಕ್ಕಿಯ ಚಿಂತೆ ಬೇರೆ ಥರ. ಮೊದಲ ಎರಡು ದಿನ ಅವಳು ಏಳಲೇ ಇಲ್ಲ. ಕಾವು ಕೂತ ಕೋಳಿ ದಿನಕ್ಕೊಮ್ಮೆ ಎದ್ದು ತಿಂದು, ಕುಡಿದು, ಮಣ್ಣಲ್ಲಿ ಹೊರಳಾಡಿ, 20 ನಿಮಿಷದಲ್ಲಿ ವಾಪಸ್ ಬರಬೇಕು. ಮೂರನೇ ದಿನ ನಾನೇ ಎತ್ತಿ ಹೊರಗಿಟ್ಟೆ. ಎತ್ತುವಾಗ ಹುಷಾರು, ರೆಕ್ಕೆ ಮತ್ತು ತೊಡೆಯ ಸಂದಿಯಲ್ಲಿ ಮೊಟ್ಟೆ ಸಿಕ್ಕಿಕೊಂಡಿರುತ್ತದೆ, ಮೇಲೆ ಎತ್ತಿದಾಗ ಬಿದ್ದು ಒಡೆಯುತ್ತದೆ. ಮೊದಲು ರೆಕ್ಕೆಯ ಕೆಳಗೆ ಕೈಯಾಡಿಸಿಯೇ ಎತ್ತುತ್ತೇನೆ. ಹೊರಗಿಟ್ಟ ಮೇಲೂ ಒಂದು ನಿಮಿಷ ಮಂಕು ಹಿಡಿದವಳಂತೆ ಕೂತಿದ್ದಳು. ಆಮೇಲೆ ಎದ್ದು ನಿಂತು, ದಿನವೆಲ್ಲ ತಡೆದಿಟ್ಟುಕೊಂಡಿದ್ದ ಹಿಕ್ಕೆಯನ್ನು ಒಂದೇ ಸಲ ಹಾಕಿದಳು. ನಿಂಬೆಹಣ್ಣಿನಷ್ಟು ದಪ್ಪ, ವಾಸನೆ ತಡೆಯಲಾಗಲ್ಲ. ಗೂಡನ್ನು ಕೊಳೆ ಮಾಡಬಾರದು ಅಂತ ಅಷ್ಟು ಹೊತ್ತು ತಡೆದಿರುತ್ತವೆ. ಆ ವಾಸನೆಗೆ ನನಗೆ ಅವಳ ಮೇಲೆ ಪ್ರೀತಿಯೇ ಜಾಸ್ತಿಯಾಯಿತು.

ನಾಲ್ಕನೇ ದಿನದಿಂದ ತಾನೇ ಎದ್ದು ಬರತೊಡಗಿದಳು. ಬೂದಿ ಮತ್ತು ಒಣ ಮಣ್ಣು ಬೆರೆಸಿದ ಒಂದು ಬುಟ್ಟಿ ಹೊರಗೇ ಇಟ್ಟಿದ್ದೆ. ಕೂತಲ್ಲೇ ಕೂರುವ ಕೋಳಿಗೆ ಹೇನು ಬೇಗ ಹತ್ತುತ್ತದೆ. ಬಾಲದ ಕೆಳಗೆ ಪುಕ್ಕ ಬಿಡಿಸಿ, ಬುಡದಲ್ಲಿ ಬಿಳಿ ಗಂಟು ಇದೆಯಾ ಅಂತ ವಾರಕ್ಕೊಮ್ಮೆ ನೋಡಬೇಕು. ಗೂಡಿನ ಸಂದಿಯಲ್ಲಿ ಅಡಗಿದ್ದು ರಾತ್ರಿ ಬಂದು ರಕ್ತ ಹೀರುವ ಕೆಂಪು ನುಸಿ ಇನ್ನೂ ಕೆಟ್ಟದ್ದು. ಅದರ ಕಾಟಕ್ಕೆ ಕೋಳಿ ಮೊಟ್ಟೆ ಬಿಟ್ಟು ಎದ್ದುಹೋಗುವುದೂ ಉಂಟು.

ಏಳನೇ ದಿನ ರಾತ್ರಿ ಮಗಳನ್ನು ಕರೆದು ದೀಪ ಆರಿಸಿ, ಮೊಟ್ಟೆಯ ಅಗಲ ತುದಿಗೆ ಟಾರ್ಚ್ ಹಿಡಿದೆ. ಒಳಗೆಲ್ಲ ಕೆಂಪು ಬೆಳಕು. ನಡುವೆ ಒಂದು ಕಪ್ಪು ಚುಕ್ಕೆ, ಅದರಿಂದ ಜೇಡರ ಕಾಲಿನಂತೆ ಹರಡಿದ ರಕ್ತನಾಳ. ನೋಡುತ್ತಾ ಇರುವಾಗಲೇ ಆ ಚುಕ್ಕೆ ಮಿಸುಕಿತು. ಮಗಳು ಉಸಿರು ಬಿಗಿ ಹಿಡಿದು, "ಅಮ್ಮಾ, ನಮ್ಮನ್ನ ನೋಡ್ತಾ ಇದೆಯಾ?" ಎಂದಳು. ಚುಕ್ಕಿಯ ಹತ್ತರಲ್ಲಿ ಒಂದು ಖಾಲಿ, ಬರೀ ತಿಳಿ ಬೆಳಕು. ಇನ್ನೊಂದರಲ್ಲಿ ನಾಳಗಳಿಲ್ಲ, ಉಂಗುರದಂಥ ಕೆಂಪು ಗೆರೆ ಮಾತ್ರ. ಜೀವ ಮೂಡಿ ನಿಂತುಹೋದ ಗುರುತು ಅದು. ಮಷಿನ್ನಿನಲ್ಲಿ ಎರಡು ಖಾಲಿ, ಒಂದು ಉಂಗುರ. ಅಷ್ಟನ್ನೂ ತೆಗೆದೆ. ಹಾಗೇ ಬಿಟ್ಟರೆ ಕೊಳೆತು ಒಡೆದು ಒಳ್ಳೆಯವನ್ನೂ ಕೆಡಿಸುತ್ತವೆ.

ಅವತ್ತೇ ಇನ್ನೊಂದು ವಿಷಯ ಗೊತ್ತಾಯಿತು. ಈಜಿಪ್ಟಿನಲ್ಲಿ ಎರಡು ಸಾವಿರ ವರ್ಷಕ್ಕೂ ಹಿಂದಿನಿಂದ ಒಲೆಯಂಥ ಮನೆ ಕಟ್ಟಿ, ಬೆಂಕಿಯ ಕಾವಿನಲ್ಲಿ ಸಾವಿರಾರು ಮೊಟ್ಟೆ ಮರಿ ಮಾಡಿಸುತ್ತಿದ್ದರು. ಥರ್ಮಾಮೀಟರ್ ಇಲ್ಲದ ಕಾಲದಲ್ಲಿ ಆ ಕೆಲಸಗಾರರು ಮೊಟ್ಟೆಯನ್ನು ಕಣ್ಣಿನ ರೆಪ್ಪೆಗೆ ಮುಟ್ಟಿಸಿ ಬಿಸಿ ಅಳೆಯುತ್ತಿದ್ದರು. ನೋಡೋಣ ಅಂತ ಚುಕ್ಕಿಯ ಮೊಟ್ಟೆಯೊಂದನ್ನು ರೆಪ್ಪೆಗೆ ಇಟ್ಟುಕೊಂಡೆ. ಹಿತವಾದ ಬಿಸಿ. ಮಷಿನ್ನಿನದನ್ನು ಇಟ್ಟುಕೊಂಡೆ. ಬಿಸಿಯೇ, ಆದರೆ ಏನೋ ಕಡಿಮೆ ಅನ್ನಿಸಿತು. ಜ್ವರ ನೋಡುವ ಥರ್ಮಾಮೀಟರ್ ತಂದು ಒಳಗಿಟ್ಟೆ. ಮಷಿನ್ 37.5 ಅಂತ ತೋರಿಸುತ್ತಿದೆ, ಥರ್ಮಾಮೀಟರ್ 36.6. ಒಂದು ವಾರ ಆ ಮೊಟ್ಟೆಗಳು ಕಡಿಮೆ ಕಾವಿನಲ್ಲೇ ಇದ್ದವು. ಸರಿ ಮಾಡಿದೆ, ಆದರೆ ಹೋದ ದಿನ ವಾಪಸ್ ಬರಲ್ಲ. ಮಷಿನ್ನಿನ ಪರದೆ ಒಂದನ್ನೇ ನಂಬಬೇಡಿ, ಇನ್ನೊಂದು ಥರ್ಮಾಮೀಟರ್ ಮೊದಲ ದಿನವೇ ಒಳಗಿರಲಿ.

12ನೇ ದಿನ ಚುಕ್ಕಿ 50 ನಿಮಿಷ ವಾಪಸ್ ಬರಲಿಲ್ಲ. ನಾಯಿಗೆ ಹೆದರಿ ಬೇಲಿಯ ಆಚೆ ನಿಂತಿದ್ದಳು. ಮುಟ್ಟಿ ನೋಡಿದರೆ ಮೊಟ್ಟೆ ತಣ್ಣಗೆ. ನನಗೆ ಕೈಕಾಲೇ ಆಡಲಿಲ್ಲ. "ಬಿಡಮ್ಮ, ಅಷ್ಟಕ್ಕೆಲ್ಲ ಸಾಯಲ್ಲ" ಅಂದರು ಅತ್ತೆ. ಅವರ ಮಾತೇ ನಿಜವಾಯಿತು. ಅಪರೂಪಕ್ಕೊಮ್ಮೆ ತಣ್ಣಗಾದರೆ ಮೊಟ್ಟೆ ತಡೆದುಕೊಳ್ಳುತ್ತದೆ. ಅತಿ ಬಿಸಿಯಾದರೆ ಮಾತ್ರ ಬೇಗ ಕೆಡುತ್ತದೆ.

18ನೇ ದಿನಕ್ಕೆ ಮಷಿನ್ನಿನ ಮೊಟ್ಟೆ ತಿರುಗಿಸುವುದು ನಿಲ್ಲಿಸಿ, ತೇವವನ್ನು ನೂರಕ್ಕೆ 65ಕ್ಕೆ ಏರಿಸಿದೆ. ಚುಕ್ಕಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಹೊರಗೆ ಬರುವುದನ್ನೇ ಬಿಟ್ಟಳು. 20ನೇ ದಿನ ಬೆಳಿಗ್ಗೆ ಪೆಟ್ಟಿಗೆಯ ಪಕ್ಕ ಕಿವಿ ಇಟ್ಟು ಕೂತೆ. ಮೊಟ್ಟೆಯೊಳಗಿನಿಂದ ಸಣ್ಣಗೆ ಚೀಂ ಚೀಂ. ಚುಕ್ಕಿ ಕೊಕ್ಕು ಬಗ್ಗಿಸಿ, ಇಷ್ಟು ದಿನ ನಾನು ಕೇಳಿರದ ದನಿಯಲ್ಲಿ, ತೀರಾ ಮೆಲ್ಲಗೆ, 'ಕುಕ್... ಕುಕ್...' ಎಂದು ಉತ್ತರ ಕೊಡುತ್ತಿದ್ದಳು. ಒಳಗಿನದು ಸುಮ್ಮನಾದರೆ ಇವಳು ಮತ್ತೆ ಕರೆಯುತ್ತಿದ್ದಳು. ಚಿಪ್ಪು ಒಡೆಯುವ ಮುಂಚೆಯೇ ತಾಯಿ ಮಗುವಿಗೆ ಪರಿಚಯ ಆಗಿರುತ್ತದೆ.

21ನೇ ದಿನ ಸಂಜೆಯೊಳಗೆ ಏಳು ಮರಿ. ಒಂದು ಮೊಟ್ಟೆ ಹಾಗೇ ಉಳಿಯಿತು. ನಾನು ಮಾಡಿದ್ದು ಖಾಲಿ ಚಿಪ್ಪು ತೆಗೆದಿದ್ದು, ಅಷ್ಟೇ.

ಮಷಿನ್ನಿನಲ್ಲಿ ಮೌನ. 22ನೇ ದಿನ ಮಧ್ಯಾಹ್ನ ಮೊದಲ ಬಿರುಕು. ಸಂತೋಷ ತಡೆಯಲಾರದೆ ಮತ್ತೆ ಮತ್ತೆ ಮುಚ್ಚಳ ತೆಗೆದು ನೋಡಿದೆ. ಮಾಡಬಾರದ ಕೆಲಸ. ಪ್ರತಿ ಸಲವೂ ತೇವ ಆಚೆ ಹೋಗಿ, ಚಿಪ್ಪಿನ ಒಳಗಿನ ಪೊರೆ ಒಣಗಿ ಮರಿಯ ಮೈಗೆ ಬಿಗಿಯುತ್ತದೆ. ನಾಲ್ಕು ಹೇಗೋ ಬಂದವು. ಐದನೆಯದು ತೂತು ಮಾಡಿ 24 ಗಂಟೆ ಕಳೆದರೂ ಮುಂದೆ ಹೋಗಲಿಲ್ಲ. ತೂತಿನಲ್ಲಿ ಕೊಕ್ಕು ಕಾಣುತ್ತಿತ್ತು, ಆಗಾಗ ಬಾಯಿ ತೆರೆಯುತ್ತಿತ್ತು. ಪೊರೆ ಕಾಗದದಂತೆ ಬೆಳ್ಳಗೆ ಒಣಗಿತ್ತು.

ಬೆಚ್ಚಗಿನ ನೀರಲ್ಲಿ ಕೈ ತೊಳೆದು, ತೂತಿನ ಅಂಚಿನಿಂದ ಅಕ್ಕಿಕಾಳಿನಷ್ಟು ಚಿಪ್ಪು ಬಿಡಿಸಿದೆ. ಇನ್ನೊಂದು ಚೂರು. ಮೂರನೇ ಚೂರಿಗೆ ಪೊರೆಯ ಮೇಲೆ ಒಂದು ಹನಿ ರಕ್ತ ಮೂಡಿತು. ಕೈ ನಿಲ್ಲಿಸಿದೆ. ರಕ್ತ ಬಂತು ಅಂದರೆ ಪೊರೆಯ ನಾಳಗಳಲ್ಲಿ ಮರಿಯ ರಕ್ತ ಇನ್ನೂ ಓಡಾಡುತ್ತಿದೆ, ಹಳದಿ ಇನ್ನೂ ಹೊಟ್ಟೆ ಸೇರಿಲ್ಲ. ಆಗ ಎಳೆದರೆ ನಾವೇ ಕೊಂದಂತೆ. ಹತ್ತಿಯಲ್ಲಿ ಬೆಚ್ಚಗಿನ ನೀರು ಅದ್ದಿ, ಮೂಗಿಗೆ ತಾಗದಂತೆ ಪೊರೆಯನ್ನು ಒದ್ದೆ ಮಾಡಿ, ವಾಪಸ್ ಒಳಗಿಟ್ಟೆ. ಹತ್ತು ಗಂಟೆ ಮುಚ್ಚಳ ಮುಟ್ಟಲಿಲ್ಲ. ಆ ರಾತ್ರಿ ಸರಿಯಾಗಿ ನಿದ್ದೆ ಮಾಡಲಿಲ್ಲ. ಬೆಳಗಿನ ಜಾವ ನೋಡಿದಾಗ ನಾಳಗಳು ಮಾಯವಾಗಿದ್ದವು. ಚಿಪ್ಪಿನ ಟೋಪಿಯನ್ನು ಮೆಲ್ಲಗೆ ಎತ್ತಿದೆ. ಅದು ಒಂದು ಸಲ ಒದ್ದು, ಅಂಗೈಗೆ ಜಾರಿತು. ಮಗಳು ಅದಕ್ಕೆ ನಿಧಾನಿ ಅಂತ ಹೆಸರಿಟ್ಟಳು.

ಹೀಗೆ ಮಷಿನ್ನಿನಿಂದ ಐದು ಮರಿ. ಇವಕ್ಕೆ ಬಲ್ಬ್ ಹಾಕಿ ಬೇರೆ ಸಾಕಬೇಕಾ, ಚುಕ್ಕಿಗೇ ಕೊಡಬೇಕಾ ಅಂತ ಯೋಚಿಸಿದೆ. ಬಲ್ಬಿನಲ್ಲಾದರೆ ಮೊದಲ ವಾರ 35 ಡಿಗ್ರಿ, ಆಮೇಲೆ ವಾರಕ್ಕೆ ಮೂರರಂತೆ ಇಳಿಸುತ್ತಾ ಹೋಗಬೇಕು. ತಾಯಿ ಇರುವಾಗ ಇದೆಲ್ಲ ಯಾಕೆ? ಅವಳು ಗೂಡು ಬಿಟ್ಟು ಹೋಗದಿರಲಿ ಅಂತ ನೀರು ಮೇವು ಪೆಟ್ಟಿಗೆಯ ಹತ್ತಿರವೇ ಇಟ್ಟಿದ್ದೆ. 24ನೇ ದಿನ ರಾತ್ರಿ, ನಿಧಾನಿಯ ಮೈ ಒಣಗಿ ನಿಲ್ಲುವಂತಾದ ಮೇಲೆ, ದೀಪ ಇಲ್ಲದೆ ಹೋದೆ. ಒಂದೊಂದು ಮರಿಯನ್ನು ಹಿಂದಿನಿಂದ ರೆಕ್ಕೆಯ ಕೆಳಗೆ ಸೇರಿಸಿದೆ. ಮೂರನೆಯದು ಗಟ್ಟಿಯಾಗಿ ಚೀರಿತು. ಚುಕ್ಕಿ ಕತ್ತೆತ್ತಿದಳು. ನನ್ನ ಎದೆ ಹೊಡೆದುಕೊಳ್ಳುತ್ತಿತ್ತು. ಪರರ ಮರಿ ಅಂತ ಗೊತ್ತಾದರೆ ಕುಕ್ಕಿ ಸಾಯಿಸುವ ಕೋಳಿಗಳೂ ಇವೆ. ಅವಳು ರೆಕ್ಕೆಯನ್ನು ಸ್ವಲ್ಪ ಎತ್ತಿ, ಮತ್ತೆ ಇಳಿಸಿ, 'ಕುಕ್' ಎಂದಳು. ಚೀರುತ್ತಿದ್ದುದು ಸುಮ್ಮನಾಯಿತು. ಬೆಳಕು ಹರಿಯುವ ಮುಂಚೆಯೇ ಮತ್ತೆ ಹೋಗಿ ಕೂತೆ. ಹನ್ನೆರಡೂ ಅವಳ ಎದೆಯ ಪುಕ್ಕದಿಂದ ಇಣುಕುತ್ತಿದ್ದವು.

ನಿಧಾನಿಯ ಕಾಲು ಎರಡೂ ಬದಿಗೆ ಸರಿದು ನೆಟ್ಟಗೆ ನಿಲ್ಲುತ್ತಿರಲಿಲ್ಲ. ಎರಡು ಕಾಲಿಗೂ ಸೇರಿಸಿ, ನಡುವೆ ಒಂದು ಬೆರಳಗಲ ಬಿಟ್ಟು, ಅಂಟುಪಟ್ಟಿ ಕಟ್ಟಿದೆ. ಮೂರು ದಿನಕ್ಕೆ ಸರಿಹೋಯಿತು. ಕಾಲು ಇನ್ನೂ ಎಳೆಯದಾಗಿರುವಾಗಲೇ ಕಟ್ಟಬೇಕು, ವಾರ ಕಳೆದರೆ ಕಷ್ಟ. ನೀರಿನ ತಟ್ಟೆಯಲ್ಲಿ ಬೆಣಚುಕಲ್ಲು ತುಂಬಿಸಿದ್ದೆ, ಬೆರಳ ಆಳದ ನೀರಿನಲ್ಲೂ ಮರಿ ಮುಳುಗುತ್ತದೆ. ಮರಿಗಳಿಗೆ ಕೊಡುವ ಸ್ಟಾರ್ಟರ್ ಫೀಡನ್ನೇ ತಾಯಿಗೂ ಹಾಕಿದೆ. ಮೊಟ್ಟೆ ಇಡುವ ಕೋಳಿಗೆ ಹಾಕುವ ಲೇಯರ್ ಫೀಡಿನಲ್ಲಿ ಸುಣ್ಣದ ಅಂಶ ಜಾಸ್ತಿ, ಮರಿಗಳ ಮೂತ್ರಪಿಂಡ ಹಾಳಾಗುತ್ತದೆ. ಮೊಟ್ಟೆ ಇಡದ ತಾಯಿಗೆ ಅದು ಬೇಕಾಗಿಯೂ ಇಲ್ಲ.

ನಾಲ್ಕನೇ ವಾರ ಎರಡು ದಿನ ಬಿಡದೆ ಮಳೆ ಹಿಡಿಯಿತು. ಗೂಡಿನ ಹೊಟ್ಟು ಒದ್ದೆಯಾಗಿದ್ದನ್ನು ನಾಳೆ ಬದಲಾಯಿಸೋಣ ಅಂದುಕೊಂಡೆ. ಮೂರ್ನಾಲ್ಕು ದಿನ ಕಳೆದ ಮೇಲೆ ಎರಡು ಮರಿ ರೆಕ್ಕೆ ಇಳಿಬಿಟ್ಟು ಮುದುರಿ ನಿಂತಿದ್ದವು, ಹಿಕ್ಕೆಯಲ್ಲಿ ರಕ್ತ. ರಕ್ತಭೇದಿ. ಪಶುವೈದ್ಯರನ್ನು ಕೇಳಿ ನೀರಿಗೆ ಔಷಧಿ ಬೆರೆಸಿ ಎಲ್ಲಕ್ಕೂ ಕುಡಿಸಿದೆ. ಹತ್ತು ಉಳಿದವು. ಆ ಎರಡು ಉಳಿಯಲಿಲ್ಲ. ಒದ್ದೆ ಹೊಟ್ಟನ್ನು ನಾಳೆಗೆ ಬಿಡಬೇಡಿ, ಆ ರೋಗಕ್ಕೆ ತೇವವೇ ತವರುಮನೆ.

ಉಳಿದದ್ದನ್ನೆಲ್ಲ ಚುಕ್ಕಿಯೇ ಕಲಿಸಿದಳು. ಹುಳ ಸಿಕ್ಕರೆ ತಾನು ತಿನ್ನದೆ ಎತ್ತಿ ಎತ್ತಿ ಬೀಳಿಸಿ ಕರೆಯುವುದು, ಕೆದಕುವುದು, ಹದ್ದಿನ ನೆರಳು ಕಂಡರೆ ಒಂದೇ ಕೂಗಿಗೆ ಎಲ್ಲವೂ ಪೊದೆ ಸೇರುವುದು. ಏಳನೇ ವಾರ ಒಂದು ಸಂಜೆ ಅವಳು ನೆಲದ ಪೆಟ್ಟಿಗೆಗೆ ಬರದೆ, ಉಳಿದ ಕೋಳಿಗಳ ಜೊತೆ ಅಡ್ಡದ ಮೇಲೆ ಹಾರಿ ಕೂತಳು. ಕೆಳಗೆ ಹತ್ತೂ ಒಂದೇ ಸಮ ಅತ್ತವು. ಅವಳು ಇಳಿಯಲಿಲ್ಲ. ಕತ್ತಲಾಗುವಾಗ ಒಂದೊಂದೇ ಹಾರಿ ಅವಳ ಪಕ್ಕ ಸಾಲಾಗಿ ಕೂತವು. ಕೊನೆಗೆ ಹಾರಿದ್ದು ನಿಧಾನಿ. ಎರಡು ಸಲ ಬಿದ್ದು ಮೂರನೇ ಸಲಕ್ಕೆ ಹಿಡಿತ ಸಿಕ್ಕಿತು.

ಅದಾಗಿ ಎರಡು ವಾರಕ್ಕೆ, ನಿನ್ನೆ ಬೆಳಿಗ್ಗೆ, ಪೆಟ್ಟಿಗೆಯಲ್ಲಿ ಚುಕ್ಕಿಯ ಮೊಟ್ಟೆ ಇತ್ತು. ಇನ್ನೂ ಬಿಸಿ ಆರಿರಲಿಲ್ಲ. ರೆಪ್ಪೆಗೆ ಮುಟ್ಟಿಸಿಕೊಂಡೆ. ಪಕ್ಕದ ಪೆಟ್ಟಿಗೆಯಲ್ಲಿ ಕೆಂಪಿ ಪುಕ್ಕ ನಿಗುರಿಸಿ ಗುರ್ರೆನ್ನುತ್ತಿದ್ದಾಳೆ, ಎರಡು ದಿನವಾಯಿತು. ಅವಳ ಕೆಳಗೆ ಹುಸಿ ಮೊಟ್ಟೆ ಇಟ್ಟಿದ್ದೇನೆ. ಚುಕ್ಕಿಯ ಮೊಟ್ಟೆಗೆ ಪೆನ್ಸಿಲ್ಲಿನಲ್ಲಿ ತಾರೀಖು ಬರೆದು, ಚೂಪು ತುದಿ ಕೆಳಗೆ ಮಾಡಿ, ತಂಪು ಮೂಲೆಯಲ್ಲಿ ಇಟ್ಟೆ.